ಒಂದು ಮೊರ ತೌಡಿನ ಹೆಸರು

ಧಾರವಾಡ ಬಿಡುವ ಮೊದಲು

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಪರದೇಶ ಕಂಡವರು ಇಬ್ಬರಿದ್ದಾರೆ. ಇಬ್ಬರೂ ಸಿಂಗಾಪುರಕ್ಕೆ ಹೋಗಿ ಬಂದವರು. ಬಂದಾಗ ಚಾಕಲೇಟು ಹಂಚಿದರು, ಅಲ್ಲಿಯ ರಸ್ತೆಗಳು ಎಷ್ಟು ಸ್ವಚ್ಛ ಎಂಬುದನ್ನು ಒಂದು ಟರ್ಮು ಪೂರ್ತಿ ಹೇಳಿದರು. ನಾನು ಕಂಡ ಪರದೇಶವೆಂದರೆ ನಾಸಿಕ, ಮತ್ತು ಅಲ್ಲಿಂದ ಕೆಂಪು ಬಸ್ಸಿನಲ್ಲಿ ಮೂರು ತಾಸು ಆಚೆಗಿರುವ ವೈಜಾಪುರ. ೨೦೦೮ರ ಜನವರಿಯಲ್ಲಿ ಹೋಗಿದ್ದೆ. ಚಾಕಲೇಟು ತರಲಿಲ್ಲ, ಅದಕ್ಕೇ ಈ ಬರಹ.

ಮೊದಲು ಹೆಸರಿನ ವಿಷಯ ಹೇಳಿಬಿಡುತ್ತೇನೆ, ಹೋದದ್ದೇ ಅದರ ಸಲುವಾಗಿ. ಮದುವೆಯಲ್ಲಿ ಗಂಡನ ಮನೆಯವರು ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ‘ಸುಜಾತಾ’ ಎಂದು ಬರೆಸಿದರು. ಊರಿಗೆಲ್ಲ ನಾನು ಗಣಿತದ ಸುಜಾತಾ ಟೀಚರ್. ಆದರೆ ಅಂಕಪಟ್ಟಿಯಲ್ಲಿ, ನೌಕರಿಯ ಕಾಗದಗಳಲ್ಲಿ ನಾನು ತೌಡವ್ವ. ಹೌದು, ಎಮ್ಮೆಗೆ ಹಾಕುವ ಅದೇ ತೌಡು. ಸಣ್ಣವಳಿದ್ದಾಗ ಹಾಜರಿ ಕರೆಯುತ್ತ ಮಾಸ್ತರರು ನನ್ನ ಹೆಸರಿಗೆ ಬಂದರೆ ಸಾಕು, ಹಿಂದಿನ ಬೆಂಚಿನಿಂದ ಎಮ್ಮೆ ಕೂಗುತ್ತಿತ್ತು. ಮಾಸ್ತರರೂ ನಗುತ್ತಿದ್ದರು. ಎಮ್ಮೆ ಕೂಗಿದ ಹುಡುಗರನ್ನು ಎಂದೋ ಕ್ಷಮಿಸಿದ್ದೇನೆ, ಮಾಸ್ತರರನ್ನು ಇನ್ನೂ ಇಲ್ಲ.

ನನಗಿಂತ ಮೊದಲು ಅವ್ವನಿಗೆ ಹುಟ್ಟಿದ ಎರಡು ಕೂಸುಗಳು ತಿಂಗಳು ತುಂಬುವುದರೊಳಗೆ ತೀರಿಕೊಂಡಿದ್ದವು. ನಾನು ಹುಟ್ಟುವಾಗ ಅಪ್ಪ ನಾಸಿಕದ ದೇವಳಾಲಿ ಕ್ಯಾಂಪಿನಲ್ಲಿ, ಮಿಲಿಟರಿಯ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವ್ವ ನಮ್ಮ ಕಡೆಯ ಹಳೆಯ ಉಪಾಯ ಮಾಡಿದಳು. ಐದನೆಯ ದಿನ ಸೆಟವಿತಾಯಿ ಬಂದು ಹಣೆಬರಹ ಬರೆಯುತ್ತಾಳಲ್ಲ, ಅವಳು ಬರುವ ಮೊದಲೇ ಕೂಸನ್ನು ಮೊರದಲ್ಲಿ ಹಾಕಿ ಮಾರಿಬಿಡುವುದು. ಕೊಳ್ಳುವವಳು ಬಡವಳಾಗಿರಬೇಕು, ಬದುಕಿರುವ ಮಕ್ಕಳ ತಾಯಿಯಾಗಿರಬೇಕು. ಬೆಲೆ ಒಂದು ಮೊರ ತೌಡು. ಹೆಸರನ್ನೂ ಅವಳೇ ಇಡುತ್ತಾಳೆ, ಕೇಳಿದವರು ಮೂಗು ಮುರಿಯುವಂಥದ್ದನ್ನೇ ಇಡುತ್ತಾಳೆ. ಸಾವು ಮನೆ ಹುಡುಕಿಕೊಂಡು ಬಂದರೆ ‘ಇದು ನಮ್ಮದಲ್ಲ, ಆ ಕೂಲಿಯವಳ ಕೂಸು’ ಎನ್ನಬಹುದು. ಮಗಳು ಮದುವೆಗೆ ಬಂದಾಗ ಹೆತ್ತವಳು ಹೊಸ ಮೊರದ ತುಂಬ ಕಾಳು, ಸೀರೆ, ಕುಪ್ಪಸದ ಖಣ ಒಯ್ದು ಕೊಟ್ಟು ಬಿಡಿಸಿಕೊಂಡು ಬರಬೇಕು.

ನನ್ನನ್ನು ಕೊಂಡವಳ ಹೆಸರು ಹಣಮವ್ವ. ಹುನಗುಂದದ ಕಡೆಯಿಂದ ಗಂಡನೊಡನೆ ದುಡಿಯಲು ಹೋಗಿ, ನಮ್ಮ ಕ್ವಾರ್ಟರ್ಸಿನ ಹಿಂದೆ ಕಟ್ಟುತ್ತಿದ್ದ ಮನೆಗಳಿಗೆ ಕಲ್ಲು ಹೊರುತ್ತಿದ್ದಳಂತೆ. ನನಗೆ ಮೂರು ತಿಂಗಳಿದ್ದಾಗ ಅಪ್ಪನಿಗೆ ಧಾರವಾಡಕ್ಕೆ ವರ್ಗವಾಯಿತು. ನನ್ನ ಮದುವೆಯಲ್ಲಿ ಅವ್ವ ನನ್ನನ್ನು ಬಿಡಿಸಿಕೊಳ್ಳಲಿಲ್ಲ. ಆಕೆ ಈಗ ಎಲ್ಲಿದ್ದಾಳೋ ಯಾರಿಗೆ ಗೊತ್ತು ಎಂದಳು. ಅಪ್ಪನೂ ಸುಮ್ಮನಾದರು. ಆಮೇಲೆ ಅಪ್ಪ ಹೋದರು, ಅವ್ವ ನನ್ನ ಮನೆಗೆ ಬಂದಳು, ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಳು. ಆ ಜನವರಿಯಲ್ಲಿ ಅನ್ನ ಬಿಟ್ಟಳು.

ಒಂದು ಮುಂಜಾನೆ ಚಮಚದಲ್ಲಿ ನೀರು ಹಿಡಿದರೆ ಬಾಯಿ ತೆರೆಯಲಿಲ್ಲ.

“ನೀ ಇನ್ನೂ ಆಕಿ ಮಗಳ ಅದಿ,” ಎಂದಳು. “ಸಾಯೂ ಹೊತ್ತಿನ್ಯಾಗ ನನ್ನ ಬಾಯಾಗ ನೀರ ಹಾಕಾಕ ನಿನಗ ಹಕ್ಕಿಲ್ಲ. ಹೋಗಿ ಬಿಡಿಸ್ಕೊಂಡ ಬಾ.”

ನಾನು ನಕ್ಕೆ. ಅವ್ವ ನಗಲಿಲ್ಲ. ಸಂಜೆ ನನ್ನ ಗಂಡ ಹಿಡಿದ ನೀರನ್ನು ಕುಡಿದಳು, ನಾನು ಹಿಡಿದಾಗ ಗೋಡೆಯತ್ತ ಹೊರಳಿದಳು. ಮರುದಿನವೂ ಹಾಗೆಯೇ. ಒಬ್ಬಳೇ ಮಗಳು ನಾನು. ನನಗೆ ಈ ಮಾರುವ ಕೊಳ್ಳುವ ಮಾತಿನಲ್ಲಿ ಕವಡೆಯಷ್ಟೂ ನಂಬಿಕೆಯಿಲ್ಲ, ಆದರೆ ತಾಯಿ ನನ್ನ ಕೈಯ ನೀರು ಬೇಡವೆಂದದ್ದನ್ನು ಸಹಿಸುವುದು ಆಗಲಿಲ್ಲ. ಮೂರನೆಯ ದಿನ ರಜೆ ಬರೆದುಕೊಟ್ಟು, ಪೇಟೆಯಿಂದ ಹೊಸ ಮೊರ, ಇಳಕಲ್ ಸೀರೆ, ಖಣ ತಂದು ಹೊರಟೆ.

ಮನಮಾಡ

ರೈಲಿನಲ್ಲಿ ಮೊರ ಒಯ್ಯುವುದು ಹೇಗೆಂದು ಯಾರೂ ಬರೆದಿಟ್ಟಿಲ್ಲ. ಸೀಟಿನ ಕೆಳಗಿಟ್ಟರೆ ಜನರ ಕಾಲು ತಾಗುತ್ತದೆ, ಕಾಲು ತಾಗಬಾರದು. ಮೇಲಿನ ಬರ್ತಿನಲ್ಲಿಟ್ಟರೆ ನಾನು ಮಲಗುವುದೆಲ್ಲಿ? ಕೊನೆಗೆ ಹೊಟ್ಟೆಯ ಮೇಲೆ ಕವುಚಿಟ್ಟುಕೊಂಡು ಮಲಗಿದೆ. ಟಿಕೆಟ್ ನೋಡಲು ಬಂದವರು ನನ್ನನ್ನೂ ಮೊರವನ್ನೂ ಎರಡೆರಡು ಸಲ ನೋಡಿ ಮುಂದೆ ಹೋದರು.

ದೌಂಡ್ ದಾಟಿದ ಮೇಲೆ ಎದುರಿಗೆ ಬಂದು ಕುಳಿತ ಹೆಂಗಸು ಹುರಿದ ಶೇಂಗಾ ತಂದಿದ್ದಳು. ಸಿಪ್ಪೆ ಕೇರಿಕೊಳ್ಳಲು ಮೊರ ಕೊಡಿ ಎಂದು ಕೇಳಿದಳು. ದೇವರ ಕೆಲಸಕ್ಕೆ ಒಯ್ಯುತ್ತಿದ್ದೇನೆ, ಕೊಡುವ ಹಾಗಿಲ್ಲ ಎಂದೆ. ಅವಳು ಮುಖ ಊದಿಸಿಕೊಂಡು ಸಿಪ್ಪೆಯನ್ನು ಬಾಯಿಂದ ಊದುತ್ತ ಕುಳಿತಳು, ಅರ್ಧ ನನ್ನ ಸೀರೆಯ ಮೇಲೆ ಬಿತ್ತು. ನಮ್ಮ ಕಡೆಯಾಗಿದ್ದರೆ ಇಷ್ಟು ಹೊತ್ತಿಗೆ ಜಗಳವಾಗುತ್ತಿತ್ತು. ಇವಳು ಇಳಿಯುವಾಗ ಒಂದು ಮುಷ್ಟಿ ಸುಲಿದ ಶೇಂಗಾ ನನ್ನ ಕೈಗೆ ಹಾಕಿ, “ಖಾ ತಾಈ” ಎಂದು ಹೊರಟುಹೋದಳು. ಇಲ್ಲಿ ಎಲ್ಲರೂ ಹೀಗೆಯೇ, ಗುರುತಿಲ್ಲದವರನ್ನೂ ಅಕ್ಕ ಎಂದೇ ಕರೆಯುತ್ತಾರೆ.

ಮನಮಾಡದಲ್ಲಿ ಗಾಡಿ ಬದಲಿಸಬೇಕು. ಅವಸರದಲ್ಲಿ ನಾನು ಭುಸಾವಳದ ಕಡೆಗೆ ಹೋಗುವ ಗಾಡಿಯಲ್ಲಿ ಕುಳಿತೆ. ಚಹಾ ಮಾರುವವನು ಕಿಟಕಿಯಿಂದ ಕೇಳದಿದ್ದರೆ ಅತ್ತಲೇ ಹೋಗುತ್ತಿದ್ದೆ. ಗಾಡಿ ಅಲುಗುತ್ತಿದ್ದಂತೆ ಜಿಗಿದೆ. ನನಗೇನೂ ಆಗಲಿಲ್ಲ. ಮೊರ ಬಾಗಿಲಿಗೆ ತಾಗಿ ಅಂಚಿನ ಬಿದಿರಿನ ಕಟ್ಟು ಕಳಚಿತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು ನನ್ನ ಜಡೆಯ ರಿಬ್ಬನ್ನಿನಿಂದ ಅದನ್ನು ಕಟ್ಟಿದೆ. ಮಂಗಳದ ಸಾಮಾನು ಮುಕ್ಕಾಯಿತಲ್ಲ ಎಂದು ಮನಸ್ಸು ಚುರ್ ಎಂದಿತು. ನಂಬಿಕೆಯಿಲ್ಲ ಎನ್ನುವವಳಿಗೆ ಹಾಗೇಕೆ ಅನಿಸಿತೋ ಗೊತ್ತಿಲ್ಲ.

ದೇವಳಾಲಿ ಕ್ಯಾಂಪ್

ಉಳಿದುಕೊಂಡದ್ದು ನಮ್ಮ ಶಾಲೆಯ ಗುಮಾಸ್ತರ ತಂಗಿ ಶೈಲಾ ಅವರ ಮನೆಯಲ್ಲಿ. ಗಂಡ ಬ್ಯಾಂಕಿನವರು, ಆರು ವರ್ಷದ ಹಿಂದೆ ಗದಗಿನಿಂದ ವರ್ಗವಾಗಿ ಬಂದವರು. ಏಳನೆಯ ತರಗತಿಯ ಮಗಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಊಟಕ್ಕೆ ಬಡಿಸುತ್ತ ಶೈಲಾ ನಾನು ಬಂದ ಕಾರಣ ಕೇಳಿದರು, ನಾನು ಹೆಸರು ಹೇಳಿದೆ.

“ತೌಡ್ ಮ್ಹಣಜೆ ಕಾಯ, ಆಈ?” ಎಂದು ತೌಡಿನ ಅರ್ಥ ಕೇಳಿದಳು ಹುಡುಗಿ.

“ಭೂಸಾ, ಬಾಳ. ಮ್ಹಶೀಲಾ ಘಾಲತಾತ ನಾ, ತೇ,” ಎಂದು ಅದು ಎಮ್ಮೆಯ ಮೇವೆಂದು ವಿವರಿಸಿದ ಶೈಲಾ ನನ್ನತ್ತ ತಿರುಗಿ, “ತಪ್ಪ ತಿಳಕೋಬ್ಯಾಡ್ರಿ ಟೀಚರ್, ಹುಡುಗಿಗೆ ಗೊತ್ತಾಗಂಗಿಲ್ಲ,” ಎಂದರು.

ಎಮ್ಮೆಯ ಕೂಗಿಗೆ ಕಾದೆ. ಹುಡುಗಿ ಸ್ವಲ್ಪ ಯೋಚಿಸಿ, “ಯುನಿಕ್ ಆಹೇ” ಎಂದು ಚಪಾತಿ ಮುರಿದಳು. ಈ ಮಾತು ಕೇಳಲು ನಲವತ್ತೊಂದು ವರ್ಷ ಮತ್ತು ಎರಡು ರೈಲು ಬೇಕಾಯಿತು.

ಮರುದಿನ ಅಪ್ಪನ ಕ್ವಾರ್ಟರ್ಸ್ ಹುಡುಕಿದೆ. ಅವ್ವ ಹೇಳಿದ ಬೇವಿನ ಮರದ ಸಾಲು ಇತ್ತು. ಸಾಲಿನ ಕೊನೆಗೆ ಗೇಟು, ಗೇಟಿಗೆ ಬಂದೂಕು ಹಿಡಿದ ಜವಾನ. ನನ್ನ ಕೈಯ ಮೊರವನ್ನು ಇಸಿದುಕೊಂಡು ತಿರುಗಿಸಿ ನೋಡಿದ, ಬೆರಳಿನಿಂದ ಬಡಿದ, ರಿಬ್ಬನ್ ಏಕೆ ಎಂದು ಕೇಳಿದ. ನಾನು ಇಲ್ಲಿಯೇ ಹುಟ್ಟಿದವಳು ಎಂದೆ. “ಹುಟ್ಟಿರಬಹುದು ಮಾತಾಜಿ, ಒಳಗೆ ಪಾಸ್ ಬೇಕು,” ಎಂದು ಹಿಂದಿಯಲ್ಲಿ ಹೇಳಿ ಮೊರ ಹಿಂದಿರುಗಿಸಿದ. ದೂರದಲ್ಲಿ ತೋಪಿನ ಅಭ್ಯಾಸದ ಸದ್ದು ಕೇಳಿ ನಾನು ಬೆಚ್ಚಿದೆ, ಪಕ್ಕದ ಮನೆಯ ಹೆಂಗಸು ಮಾತ್ರ ಬಟ್ಟೆ ಒಣಹಾಕುವುದನ್ನು ನಿಲ್ಲಿಸಲಿಲ್ಲ. ಅವ್ವ ಬಾಣಂತಿಯಾಗಿ ಈ ಸದ್ದಿನ ನಡುವೆ ಮಲಗಿದ್ದಳು, ಎರಡು ಕೂಸು ಕಳೆದುಕೊಂಡು ಮೂರನೆಯದನ್ನು ಎದೆಗೊತ್ತಿಕೊಂಡು. ಇಪ್ಪತ್ತೊಂಬತ್ತು ವರ್ಷದವಳು. ಅವಳ ಮೇಲೆ ನನಗೆ ಮೊದಲ ಸಲ ಕರುಣೆ ಬಂದದ್ದು ಆ ಗೇಟಿನ ಹೊರಗೆ.

ಹಣಮವ್ವ ತೌಡು ತಂದದ್ದು ಬಜಾರಿನ ಹಿಟ್ಟಿನ ಗಿರಣಿಯಿಂದ ಎಂದು ಅವ್ವ ಹೇಳಿದ್ದಳು. ಗಿರಣಿ ಇನ್ನೂ ಇತ್ತು. ಮೈಯೆಲ್ಲ ಹಿಟ್ಟು ಮೆತ್ತಿಕೊಂಡ ಮುದುಕರೊಬ್ಬರು ಸ್ಟೂಲಿನ ಮೇಲೆ ಕುಳಿತಿದ್ದರು. ಕಲ್ಲು ಹೊರುವ ಕಾನಡಿ, ಎಂದರೆ ಕನ್ನಡದ, ಹೆಂಗಸರು ಅವರಿಗೆ ನೆನಪಿದ್ದರು. ಜೋಳ ಬೀಸಿಸಲು ಬಂದು ಸಾಲಿನಲ್ಲಿ ನಿಂತು ಹಾಡು ಹೇಳುತ್ತಿದ್ದರಂತೆ. ಕಾರ್ಖಾನೆಗಳು ಎದ್ದಾಗ ಅವರೆಲ್ಲ ಅಂಬಡ್ ಕಡೆಗೆ ಹೋದರು, ಅಲ್ಲಿ ಕೇಳು ಎಂದರು.

ಅಂಬಡ್

ಅಂಬಡ್‌ನಲ್ಲಿ ನೋಡುವಂಥದ್ದೇನೂ ಇಲ್ಲ. ಮೋಟಾರಿನ ಬಿಡಿಭಾಗಗಳ ಕಾರ್ಖಾನೆಗಳು, ಹತ್ತು ಹೆಜ್ಜೆಗೊಂದು ಚಹಾದ ಗಾಡಿ, ಬಾಡಿಗೆ ಖೋಲಿಗಳ ಸಾಲು. ಆಟೋದವನು ಒಂದು ಕಾಂಪೌಂಡಿನ ಹಿಂದೆ ಇಳಿಸಿದ. ತಗಡಿನ ಶೆಡ್ಡುಗಳ ನಡುವಿನಿಂದ ಯಾರೋ, “ಏ ಮಲ್ಲವ್ವಾ, ಪಾನೀ ಬಂದೈತಿ, ಲವ್ಕರ್ ಬಾರ!” ಎಂದು ಕೂಗಿದರು. ನೀರು ಬಂದಿದೆ, ಬೇಗ ಬಾ ಎಂದು. ಎಷ್ಟು ಮರಾಠಿ ಸೇರಿದರೂ ಅದು ನಮ್ಮ ಮಾತು. ಕಣ್ಣು ತುಂಬಿ ಬಂತು.

ಅಲ್ಲಿ ಸಿಕ್ಕವನು ದುರಗಪ್ಪ, ಹಣಮವ್ವನ ಮೈದುನ. ಈಗ ಕೂಲಿಗಳ ಮುಖ್ಯಸ್ಥ. ಕುರ್ಚಿ ತರಿಸಿ ಕೂರಿಸಿದ, ಚಹಾ ತರಿಸಿದ. ನನ್ನ ಹೆಸರು ಕೇಳಿದವನೇ ಚಹಾದ ಕಪ್ಪು ಕೆಳಗಿಟ್ಟ.

“ಕ್ಲಾರ್ಕ್ ಸಾಹೇಬ್ರ ಮಗಳೇನ್ರಿ ನೀವು? ತೌಡಿ?”

“ಹೌದು.”

“ಮೊರಾ ತಂದೀರಿ. ಬಿಡಿಸ್ಕೊಳ್ಳಾಕ ಬಂದೀರಿ.”

“ಹೌದ್ರಿ. ನಮ್ಮವ್ವ ಕಳಿಸ್ಯಾಳ.”

“ನಿಮ್ಮವ್ವ ನಿಮಗ ಎಲ್ಲಾ ಹೇಳ್ಯಾಳೇನ್ರಿ?”

ನನಗೆ ತಿಳಿದಷ್ಟನ್ನು ಹೇಳಿದೆ. ಅವನು ತಲೆ ಅಲ್ಲಾಡಿಸಿದ.

“ಆಗ ನಮ್ಮ ವೈನಿ ಕೈಯಾಗೂ ಕೂಸಿತ್ರಿ. ನಿಮಗಿಂತ ಎರಡ ತಿಂಗಳ ದೊಡ್ಡದು. ದಿನಾ ಸಂಜಿಗೆ ಕೆಲಸ ಬಿಟ್ಟಮ್ಯಾಲ ನಿಮ್ಮನಿಗೆ ಬಂದು ನಿಮಗ ಒಂದೀಟ ಹಾಲು ಕುಡಿಸಿ ಹೋಗ್ತಿದ್ಲು. ಕೊಂಡಾಕಿ ಹಾಲ ಕೂಸು ಕುಡಿಬೇಕಂತ ರಿವಾಜು. ಮಳಿಗಾಲದಾಗ ಆಕಿ ಕೂಸಿಗೆ ಜ್ವರ ಬಂತು, ಎರಡ ದಿನದಾಗ ಹೋತು. ಮಣ್ಣ ಮಾಡಿ ಬಂದ ಸಂಜಿಗೆ, ಹಾಲ ಕಟ್ಟಿ ಎದಿ ಕಲ್ಲಾಗಿತ್ತು, ನಿಮ್ಮ ಬಾಗಲಕ ಬಂದ್ಲು. ಬಾಗಲಾ ತಗೀಲಿಲ್ಲರಿ ನಿಮ್ಮವ್ವ.”

“ಯಾಕ?”

“ಯಾಕಂತ ನನ್ನ ಕೇಳ್ತೀರೇನ್ರಿ? ಸಾವು ಆಕಿ ಸೆರಗ ಹಿಡಕೊಂಡ ಒಳಗ ಬಂದಗಿಂದೀತಂತ. ನಿಮ್ಮನಿ ಸಾವು ನಮ್ಮ ಮನಿಗೆ ದಾಟಿಸಿದ್ರಿ, ಆಮ್ಯಾಲ ಚಿಲಕ ಹಾಕ್ಕೊಂಡ್ರಿ.”

ನಾನು ಎದ್ದು ನಿಂತೆ. ಮೊರ ಕಾಲ ಬಳಿ ಬಿದ್ದಿತ್ತು, ಎತ್ತಿಕೊಳ್ಳಲು ಕೈ ಬರಲಿಲ್ಲ. ದುರಗಪ್ಪನೇ ಎತ್ತಿ, ಧೂಳು ಒರೆಸಿ ಕೊಟ್ಟ. ಸಿಟ್ಟಿನಲ್ಲೂ ಮಂದಿ ಮರ್ಯಾದೆ ಬಿಡುವುದಿಲ್ಲ. “ವೈಜಾಪುರದಾಗ ಮಗಳು ರೇಣವ್ವನ ಮನ್ಯಾಗ ಅದಾಳ. ಮಾರ್ಕೆಟ್ ಯಾರ್ಡಿನ ಹಿಂದ. ಹೋಗ್ರಿ, ಹೋಗಬ್ಯಾಡ್ರಿ, ನಿಮಗ ಬಿಟ್ಟದ್ದು,” ಎಂದ.

ರಸ್ತೆಗೆ ಬಂದು ಮೊಬೈಲಿನಿಂದ ಮನೆಗೆ ಫೋನ್ ಮಾಡಿದೆ. ಗಂಡ ಫೋನನ್ನು ಅವ್ವನ ಕಿವಿಗೆ ಹಿಡಿದರು.

“ಅವ್ವಾ, ಆಕಿ ಕೂಸಿನ ಸುದ್ದಿ ನನಗ್ಯಾಕ ಹೇಳ್ಲಿಲ್ಲ?”

ಲಾರಿಗಳು ಹೋಗುತ್ತಿದ್ದವು. ಒಂದು ಬೆರಳಿನಿಂದ ಇನ್ನೊಂದು ಕಿವಿ ಮುಚ್ಚಿಕೊಂಡು ಕಾದೆ.

“ಹೇಳಿದ್ರ ನೀ ಹೋಗ್ತಿದ್ದಿಲ್ಲ,” ಎಂದಳು ಅವ್ವ. ಆಮೇಲೆ, “ಮೂರ ದಿನಾ ಬಾಗಲಾ ಬಡಿದ್ಲು. ನಾ ಒಳಗಿಂದ ಕೇಳಕೋತ ಕುಂತಿದ್ದೆ. ಈಗೂ ಕೇಳಸ್ತೈತಿ,” ಎಂದಳು.

ಬೈಯಬೇಕೆಂದೇ ಫೋನ್ ಮಾಡಿದ್ದೆ. ಬೈಯಲು ಆಗಲಿಲ್ಲ.

ಯೇವಲೆ ದಾಟಿ

ಧಾರವಾಡಕ್ಕೆ ವಾಪಸು ಹೋಗಿಬಿಡೋಣ ಎಂದುಕೊಂಡೇ ಬಸ್ ನಿಲ್ದಾಣಕ್ಕೆ ಹೋದೆ. ಯಾವ ಮುಖ ಇಟ್ಟುಕೊಂಡು ಆ ಹೆಂಗಸಿನ ಮುಂದೆ ನಿಲ್ಲುವುದು? ಆದರೆ ಬಿಡಿಸಿಕೊಳ್ಳದೆ ಹೋದರೆ ಅವ್ವ ಆ ಬಾಗಿಲು ಬಡಿಯುವ ಸದ್ದಿನಲ್ಲಿಯೇ ಪ್ರಾಣ ಬಿಡುತ್ತಾಳೆ, ನನ್ನ ಕೈಯ ಒಂದು ಹನಿ ನೀರೂ ಇಲ್ಲದೆ. ವೈಜಾಪುರದ ಬಸ್ಸು ಹತ್ತಿದೆ.

ಹೊಲಗಳಲ್ಲೆಲ್ಲ ಈರುಳ್ಳಿ. ಯೇವಲೆಯಲ್ಲಿ ಒಬ್ಬ ಅಜ್ಜಿ ಹತ್ತಿ ನನ್ನ ಪಕ್ಕಕ್ಕೆ ಕುಳಿತಳು. ಕಚ್ಚೆ ಹಾಕಿದ ಒಂಬತ್ತು ಗಜದ ಸೀರೆ, ಹಣೆಯ ತುಂಬ ಕುಂಕುಮ. ನಮ್ಮ ಕಡೆ ಪಕ್ಕದವರ ಊರು ಮೊದಲು ಕೇಳುತ್ತಾರೆ, ಇವಳು ನೇರ ಹೆಸರಿಗೇ ಬಂದಳು. ಆಯಾಸದಲ್ಲಿ ನಿಜವಾದ ಹೆಸರನ್ನೇ ಹೇಳಿದೆ, ಅರ್ಥವನ್ನೂ ಹೇಳಿದೆ. ಧಾರವಾಡದಲ್ಲಿ ಬೆಳೆದವರಿಗೆ ಅಷ್ಟು ಮರಾಠಿ ಬರುತ್ತದೆ.

ಅಜ್ಜಿ ನನ್ನ ಮೊಣಕಾಲು ತಟ್ಟಿದಳು. ತನ್ನ ಹೆಸರು ಕೊಂಡಾಬಾಯಿ ಎಂದಳು. ಮರಾಠಿಯಲ್ಲಿ ಕೊಂಡಾ ಎಂದರೂ ತೌಡೇ. ಅವಳ ತಾಯಿಗೂ ಮೂರು ಕೂಸು ಹೋಗಿದ್ದವಂತೆ, ಇವಳನ್ನು ಕುಂಬಾರರ ಹೆಂಗಸಿಗೆ ಒಂದು ಮೊರ ಕೊಂಡಾಕ್ಕೆ ಮಾರಿದ್ದರಂತೆ. ಅವಳ ಊರಲ್ಲಿಯೇ ಇನ್ನಿಬ್ಬರು ಕೊಂಡಾಬಾಯಿಯರು ಇದ್ದರು, ಒಬ್ಬ ಕೊಂಡಿಬಾ ಇದ್ದ. ಈಗ ಯಾರೂ ಆ ಹೆಸರು ಇಡುವುದಿಲ್ಲ, ಮಕ್ಕಳು ಸಾಯುವುದು ಕಡಿಮೆಯಾಯಿತಲ್ಲ ಎಂದಳು. ನಲವತ್ತೊಂದು ವರ್ಷ ನಾನು ಈ ಹೆಸರನ್ನು ನನ್ನೊಬ್ಬಳಿಗೇ ಮಾಡಿದ ಅಪಮಾನವೆಂದು ತಿಳಿದಿದ್ದೆ. ಕೃಷ್ಣೆಯಿಂದ ಗೋದಾವರಿಯವರೆಗೆ, ಎರಡು ಭಾಷೆಗಳಲ್ಲಿ, ಕೂಸು ಕಳೆದುಕೊಂಡ ತಾಯಂದಿರು ಅಂಜಿ ಅಂಜಿ ಇಟ್ಟ ಹೆಸರು ಅದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

“ಪರತ ಘೇತಲಂ ಕಾ ತುಲಾ?” ಎಂದು ಕೇಳಿದಳು. ನಿನ್ನನ್ನು ವಾಪಸು ತೆಗೆದುಕೊಂಡರೋ ಇಲ್ಲವೋ.

ಇಲ್ಲ, ಈಗ ಹೊರಟಿದ್ದೇನೆ ಎಂದೆ. ಅಜ್ಜಿ ಮೊರದ ರಿಬ್ಬನ್ ನೋಡಿದಳು. ಅವಳ ಅಪ್ಪ ಮದುವೆಯ ಹಿಂದಿನ ದಿನ ಗೋಧಿ ತುಂಬಿದ ಮೊರ ಒಯ್ದಾಗ ಆ ಕುಂಬಾರಗಿತ್ತಿ ನಕ್ಕು ನಕ್ಕು ಮಗಳನ್ನು ಒಪ್ಪಿಸಿದ್ದಳಂತೆ, ಆಮೇಲೆ ಎರಡು ದಿನ ಊಟ ಮಾಡಲಿಲ್ಲವಂತೆ. ಇಷ್ಟು ಹೇಳಿ ಅಜ್ಜಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು.

ವೈಜಾಪುರ

ಆಗ ಔರಂಗಾಬಾದ್ ಎನ್ನುತ್ತಿದ್ದ, ಈಗ ಛತ್ರಪತಿ ಸಂಭಾಜಿನಗರವಾಗಿರುವ ಜಿಲ್ಲೆಯ ತಾಲೂಕು ಊರು. ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಯ ಗಾಡಿಗಳು ನಿಂತಿದ್ದವು. ಅಲ್ಲಿಯ ಅಂಗಡಿಯಲ್ಲಿ ಬಿಳಿ ಜೋಳ ಕೊಂಡು ಮೊರದ ತುಂಬ ಹಾಕಿಸಿಕೊಂಡೆ, ಮೇಲೆ ಸೀರೆ, ಖಣ ಇಟ್ಟೆ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಕೇಳುತ್ತ ಕೇಳುತ್ತ ಹೋದೆ. ದಾರಿಯಲ್ಲಿದ್ದವರು ಸರಿದು ಜಾಗ ಬಿಟ್ಟರು.

ಎರಡು ಖೋಲಿಯ ಮನೆ. ಅಂಗಳದಲ್ಲಿ ಬಿಳಿ ಕೂದಲಿನ, ಎಲುಬು ದಪ್ಪನೆಯ ಹೆಂಗಸು ಬಿಸಿಲು ಕಾಯುತ್ತ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ನನ್ನನ್ನು ನೋಡಿದಳು. ಮೊರವನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು. ನಾನು ಹೆಸರು ಹೇಳಬೇಕಾಗಲಿಲ್ಲ.

“ತೌಡೀ,” ಎಂದಳು.

ಆ ಹೆಸರನ್ನು ಯಾರೂ ಹಾಗೆ ಕರೆದಿರಲಿಲ್ಲ. ನಗದೆ, ಅಂಜದೆ, ಮನೆಯ ಮಗುವನ್ನು ಊಟಕ್ಕೆ ಕರೆದ ಹಾಗೆ. ನನ್ನ ಬಾಯಿಂದ “ಏನಬೇ” ಎಂದು, ಅವ್ವನಿಗೆ ಓಗೊಡುವ ಹಾಗೆ, ಉತ್ತರ ತಾನಾಗಿ ಬಂತು.

ಒಳಗಿನಿಂದ ಮಗಳು ರೇಣವ್ವ ನೀರು ತಂದಳು, ಬಾಗಿಲಲ್ಲಿಯೇ ನಿಂತಳು. ಹಣಮವ್ವ ನನ್ನ ಮುಖ, ಕೈ, ಬೆನ್ನು ಸವರಿ ನೋಡಿದಳು. ಮಕ್ಕಳೆಷ್ಟು, ಗಂಡ ಹೆಂಗ, ಉಣ್ಣಾಕ ಏನ ಮಾಡ್ತಿ, ಎಲ್ಲ ಕೇಳಿದಳು. ನಾನು ಮೊರವನ್ನು ಅವಳ ಮುಂದಿಟ್ಟು, ಅವ್ವ ಕಲಿಸಿದ ಮಾತನ್ನು ಹೇಳಿದೆ: “ತೌಡಿಗೆ ಕೊಂಡ ಮಗಳ್ನ ಕಾಳಿಗೆ ಬಿಟ್ಟಕೊಡು ತಾಯಿ.” ಅಂಬಡ್‌ನಲ್ಲಿ ಕೇಳಿದ್ದನ್ನೂ ಹೇಳಿದೆ. ಬಾಗಿಲ ಮಾತು ಬಂದಾಗ ತಲೆ ತಗ್ಗಿಸಿದೆ.

ಅವಳು ಬಹಳ ಹೊತ್ತು ಮೆಣಸಿನಕಾಯಿ ಮುರಿದಳು.

“ದುರಗ್ಯಾಗ ಇನ್ನೂ ಸಿಟ್ಟೈತಿ,” ಎಂದಳು. “ನನಗೂ ಭಾಳ ವರ್ಷ ಇತ್ತು. ನಿಮ್ಮವ್ವನ ಹೆಸರ ತಗೊಂಡ ಮಣ್ಣ ತೂರಿದ್ದೆ. ಆಮ್ಯಾಲ ಅನಸ್ತು, ಎರಡ ಕಳಕೊಂಡಾಕಿ ಪಾಪ, ನಾನಾಗಿದ್ರೂ ಬಾಗಲಾ ತಗೀತಿದ್ದಿಲ್ಲ. ನಾಕನೇ ದಿನಾ ಹೋದ್ರ ಕೀಲಿ ಹಾಕಿತ್ತು, ನೀವು ಊರ ಬಿಟ್ಟಿದ್ರಿ. ಎದಿ ಹಾಲು ಕ್ವಾರ್ಟರ್ಸಿನ ಗ್ವಾಡಿಗೆ ಹಿಂಡಿ ಬಂದೆ.”

ನಾನು ಅತ್ತೆ. ಅವಳು ಅಳಲಿಲ್ಲ.

“ಹೆಸರ ಕೆಟ್ಟದಿಟ್ಟೆ ಅಂತ ಸಿಟ್ಟೈತೇನು ನಿನಗ?”

“ಇತ್ತು.”

“ನನ್ನ ಕೂಸಿಗೆ ಬಂಗಾರೆವ್ವ ಅಂತ ಇಟ್ಟಿದ್ದೆ. ಅಷ್ಟ ಚೆಂದ ಇದ್ಲು. ನಿನಗ ತೌಡವ್ವ ಅಂದೆ, ಯಾವ ದೇವರಿಗೂ ಬ್ಯಾಡಾಗ್ಲಿ ಅಂತ. ನೀ ಉಳಿದಿ, ಆಕಿ ಹೋದ್ಲು. ಆಕಿಗೂ ಒಂದ ಹೊಲಸ ಹೆಸರ ಇಡಬೇಕಾಗಿತ್ತು ನಾನು. ಕೂಲಿ ಮಾಡಾಕಿ, ಬಂಗಾರ ಅಂತ ಯಾಕ ಕರದೆ?”

ರೇಣವ್ವ ಬಂದು ತಾಯಿಯ ಬೆನ್ನ ಮೇಲೆ ಕೈ ಇಟ್ಟಳು. ನಲವತ್ತೊಂದು ವರ್ಷ ನಾನು ಹಲುಬಿದ ಹೆಸರಿಗಾಗಿ ಈ ತಾಯಿ ಇಷ್ಟು ವರ್ಷ ಹೊಟ್ಟೆ ಉರಿದುಕೊಂಡಿದ್ದಳು, ತನ್ನ ಮಗುವಿಗೆ ಅಂಥದ್ದನ್ನು ಇಡಲಿಲ್ಲವಲ್ಲ ಎಂದು.

ಹಣಮವ್ವ ಮೊರವನ್ನು ಎಳೆದುಕೊಂಡಳು. ನನ್ನ ರಿಬ್ಬನ್ ಬಿಚ್ಚಿ, ತನ್ನ ಹಳೆಯ ಸೀರೆಯ ಅಂಚು ಹರಿದು ಆ ಬಿದಿರಿನ ಕಟ್ಟನ್ನು ಬಿಗಿಯಾಗಿ ಕಟ್ಟಿದಳು. ಇನ್ನು ಕಾಳು ಸುರುವಿಕೊಂಡು ನನ್ನನ್ನು ಬಿಡುತ್ತಾಳೆ ಎಂದುಕೊಂಡೆ.

“ಏಳು, ಸೆರಗ ಒಡ್ಡು,” ಎಂದಳು.

“ಯಾಕಬೇ?”

“ಎಷ್ಟ ಮಕ್ಕಳಂತ ಮಂದಿ ಕೇಳಿದ್ರ ಎರಡ ಹೆಣ್ಣು ಅಂತ ಹೇಳ್ಕೋತ ಬಂದೀನಿ. ಒಬ್ಬಾಕಿ ಇಲ್ಲೆ, ಒಬ್ಬಾಕಿ ಧಾರವಾಡದಾಗ. ನಿನ್ನ ಬಿಟ್ಟಕೊಟ್ರ ನನಗ ಮತ್ತೊಂದ ಸಲ ಮಣ್ಣ ಮಾಡಿದಂಗ. ಕೊಡಂಗಿಲ್ಲ ನಾನು.”

“ಹಂಗಂದ್ರ ನಮ್ಮವ್ವ ನನ್ನ ಕೈಯಿಂದ ನೀರ ಕುಡ್ಯಂಗಿಲ್ಲಬೇ. ಹಂಗ ಹೋಗಿಬಿಡ್ತಾಳ.”

ಅವಳು ನನ್ನ ಗದ್ದ ಹಿಡಿದು ಮುಖ ಎತ್ತಿದಳು.

“ನೀ ನನ್ನ ಮಗಳು ಹೌದಿಲ್ಲೋ? ನನ್ನ ಮಾತ ಕೇಳಬೇಕೋ ಬ್ಯಾಡೋ? ನಾ ಹೇಳ್ತೀನಿ, ಹೋಗು, ಆಕಿ ಬಾಯಾಗ ನೀರ ಹಾಕು. ಹಣಮವ್ವ ತನ್ನ ಮಗಳ್ನ ಕಳಿಸ್ಯಾಳ ಅನ್ನು.”

ಸೆರಗು ಒಡ್ಡಿದೆ. ನನ್ನನ್ನು ಬಿಡಿಸಿಕೊಳ್ಳಲು ತಂದ ಜೋಳವನ್ನೇ ಬೊಗಸೆ ಬೊಗಸೆಯಾಗಿ ಐದು ಸಲ ಉಡಿಗೆ ಹಾಕಿದಳು, ರೇಣವ್ವ ತಂದ ಕೊಬ್ಬರಿ ಬಟ್ಟಲು, ಅಡಿಕೆ, ನನ್ನದೇ ಖಣ ಮೇಲಿಟ್ಟಳು. ಉಡಿ ತುಂಬಿಸಿಕೊಂಡ ಮಗಳು ತವರಿಗೆ ಬರಗಾಲ ಬಾರದಿರಲಿ ಎಂದು ಒಂದು ಮುಷ್ಟಿ ತೆಗೆದು ಅಲ್ಲಿಯೇ ಇಟ್ಟು ಬರುತ್ತಾಳೆ. ಅವ್ವನ ಮನೆಯಲ್ಲಿ ಪ್ರತಿ ಸಲ ಹಾಗೆ ಮಾಡಿದ್ದೆ. ಇಲ್ಲಿಯೂ ನನ್ನ ಕೈ ಯಾರ ಮಾತಿಗೂ ಕಾಯದೆ ಒಂದು ಮುಷ್ಟಿ ಜೋಳ ತೆಗೆದು ಮೊರಕ್ಕೆ ಹಾಕಿತು. ಹಣಮವ್ವ ಆಗ ಅತ್ತಳು.

ಇಳಕಲ್ ಸೀರೆಯನ್ನು ಮಾತ್ರ ಮಗಳು ತಂದದ್ದು ಎಂದು ಇಟ್ಟುಕೊಂಡಳು. ಹೊರಡುವಾಗ ರೇಣವ್ವ ನನ್ನ ಮೊಬೈಲ್ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಂಡಳು. “ಹೆಸರ ಏನಂತ ಬರೀಲೆ?” ಎಂದಳು.

“ತೌಡವ್ವ ಅಂತ ಬರಿ,” ಎಂದೆ.

ಧಾರವಾಡ

ಉಡಿಯ ಕಾಳನ್ನು ದಾರಿಯಲ್ಲಿ ಬಿಚ್ಚಬಾರದು. ವೈಜಾಪುರದಿಂದ ಧಾರವಾಡದವರೆಗೆ ಸೆರಗಿನ ಗಂಟು ಬಿಚ್ಚದೆ, ಒಂದೇ ಮಗ್ಗುಲಿಗೆ ಮಲಗಿ ಬಂದೆ. ಯಾರೂ ಏನೂ ಕೇಳಲಿಲ್ಲ. ಉಡಿ ತುಂಬಿಸಿಕೊಂಡ ಹೆಂಗಸರು ಎಲ್ಲ ದೇಶದಲ್ಲಿಯೂ ಒಂದೇ ತರಹ ನಡೆಯುತ್ತಾರೆ ಎಂದು ಕಾಣುತ್ತದೆ, ಸ್ವಲ್ಪ ಬಾಗಿ, ಸ್ವಲ್ಪ ನಿಧಾನವಾಗಿ.

ಅವ್ವ ನಾಲ್ಕು ದಿನದಲ್ಲಿ ಇನ್ನಷ್ಟು ಸಣ್ಣವಳಾಗಿದ್ದಳು. ನನ್ನ ಖಾಲಿ ಕೈಗಳನ್ನು ನೋಡಿದಳು.

“ಕೊಟ್ಲೇನು?”

ಸುಳ್ಳು ಹೇಳಬಹುದಿತ್ತು. ಮನಮಾಡದಿಂದ ಲೋಂಡಾದವರೆಗೆ ಅದನ್ನೇ ಯೋಚಿಸಿದ್ದೆ.

“ಕೊಡ್ಲಿಲ್ಲವ್ವಾ,” ಎಂದು ಹಾಸಿಗೆಯ ಮೇಲೆ ಗಂಟು ಬಿಚ್ಚಿದೆ. “ಉಡಿ ತುಂಬಿ ಕಳಿಸ್ಯಾಳ. ನಿನ್ನ ಬಾಯಾಗ ನೀರ ಹಾಕಂತ ಹೇಳ್ಯಾಳ.”

ಬಂಗಾರೆವ್ವನ ಹೆಸರನ್ನೂ ಹೇಳಿದೆ. ಆ ಹೆಸರು ಅವ್ವನಿಗೆ ಗೊತ್ತಿತ್ತು. ಅವಳು ಕಣ್ಣು ಮುಚ್ಚಿ ಜೋಳದಲ್ಲಿ ಕೈಯಾಡಿಸುತ್ತ ಮಲಗಿದಳು. ಕಾಳು ಹಾಸಿಗೆಯಿಂದ ನೆಲಕ್ಕೆ ಉದುರಿದವು, ಆರಿಸಿಕೊಳ್ಳಲು ಬಗ್ಗಿದರೆ ಬಿಡು ಎಂದಳು. ಕೊನೆಗೆ ಬಾಯಿ ತೆರೆದಳು. ನಾನು ಚಮಚದಲ್ಲಿ ನೀರು ಹಾಕಿದೆ, ನುಂಗಿದಳು. ಇನ್ನೊಂದು ಚಮಚ ಹಾಕಿದೆ.

“ಬಾಗಲಾ ತಗದ್ಲು ಆಕಿ,” ಎಂದಳು.

ಮತ್ತೊಂದು ಚಮಚ ಕುಡಿದು, ನನ್ನ ಮಣಿಕಟ್ಟು ಹಿಡಿದುಕೊಂಡಳು. “ಪಂಚಮಿಗೆ ಕರೀತಾಳ ನೋಡು. ಕರದ್ರ ಹೋಗು.”

ಆ ವರ್ಷದ ನಾಗರ ಪಂಚಮಿಗೆ ತವರಿನಿಂದ ನನಗೆ ಫೋನ್ ಬಂತು, ವೈಜಾಪುರದಿಂದ. ಅವ್ವ ತೀರಿಕೊಂಡು ಆಗ ನಾಲ್ಕು ತಿಂಗಳಾಗಿತ್ತು. ನಾನು ಹೋದೆ.